ಹಾರ್ನಿನ ಬಾಯಿಗೆ ಕಟ್ಟಿದ ಬಟ್ಟೆ

ಊರಿನಲ್ಲಿ ಮಗು ಕಳೆದುಹೋದರೆ ಜನ ಮೊದಲು ಓಡುತ್ತಿದ್ದುದು ಪೊಲೀಸ್ ಠಾಣೆಗಲ್ಲ, ಗಂಟೆಯ ಶೆಡ್ಡಿಗೆ. ಉಣ್ಣುತ್ತಿದ್ದರೂ ಅವನು ಎಂಜಲು ಕೈ ಒರೆಸಿಕೊಂಡು ಎದ್ದು ಬರುತ್ತಿದ್ದ. ಮೂರು ಗಾಲಿಯ ಗಾಡಿ, ಅದರ ನೆತ್ತಿಯ ಮೇಲೆ ಮುಂದೊಂದು ಹಿಂದೊಂದು ಹಾರ್ನು, ಸೀಟಿನ ಕೆಳಗೆ ಬ್ಯಾಟರಿ, ಕೈಯಲ್ಲಿ ಮೈಕು. "ಕೆಂಪು ಅಂಗಿ, ಎಡಗಾಲಿನಲ್ಲಿ ಮಾತ್ರ ಚಪ್ಪಲಿ, ಹೆಸರು ಕೇಳಿದರೆ ಅಳುತ್ತಾನೆ, ಬೈಯಬೇಡಿ" ಎಂದು ಆ ದನಿ ಓಣಿ ಓಣಿ ಹೊಕ್ಕು ಹೊರಬರುವಷ್ಟರಲ್ಲಿ ಯಾವುದೋ ಅಂಗಡಿಯ ಮೆಟ್ಟಿಲ ಮೇಲೆ ಕೂಸು ಸಿಕ್ಕಿಬಿಡುತ್ತಿತ್ತು. ಹೆತ್ತವರು ಕೊಟ್ಟರೆ ತೆಗೆದುಕೊಳ್ಳುತ್ತಿದ್ದ, ಕೊಡದಿದ್ದರೆ ಕೇಳುತ್ತಿರಲಿಲ್ಲ.

ಕಂಚಿನಂಥ ದನಿ ಎಂದು ಜನ ಅವನನ್ನು ಗಂಟೆ ಎಂದರು. ಹೆತ್ತವರು ಇಟ್ಟ ಹೆಸರು ಬೇರೆ ಇತ್ತು. ಆ ಹೆಸರಿನಿಂದ ಕರೆದರೆ ಅವನೇ ತಿರುಗಿ ನೋಡುತ್ತಿರಲಿಲ್ಲ. ಕೂಗುವವನು ಎಂದು ಜನ ಹೇಳಿದರೂ ಅವನು ಒಂದು ದಿನವೂ ಕೂಗಿದವನಲ್ಲ. ಕೂಗಿದರೆ ಹಾರ್ನು ಬಿರಿಯುತ್ತದೆ, ಮಾತು ಒಡೆದು ಚೂರಾಗುತ್ತದೆ. ಅವನು ಮೈಕನ್ನು ತುಟಿಗೆ ಒತ್ತಿಕೊಂಡು, ಮಲಗಿದ ಮಗುವಿನ ಕಿವಿಯಲ್ಲಿ ಹೇಳುವಷ್ಟು ಮೆಲ್ಲಗೆ ಮಾತಾಡುತ್ತಿದ್ದ. ಉಳಿದದ್ದು ಹಾರ್ನಿನ ಪಾಲಿನ ಕೆಲಸ. ಆ ಕಸುಬಿನಲ್ಲಿ ಹೊಸದಾಗಿ ಇಳಿದವರೆಲ್ಲ ಗಂಟಲ ನರ ಉಬ್ಬಿಸಿ ಅರಚುವಾಗ, ಗಂಟೆ ಅವರನ್ನು ನೋಡಿ ಕತ್ತೆಗೆ ಮೈಕ್ ಯಾಕೆ ಬೇಕು ಎಂದು ಮೈಕಿನಲ್ಲೇ ನಗುತ್ತಿದ್ದ.

ಆದರೆ ಒಂದು ಸಂಗತಿ ಊರಿನ ಅರ್ಧಕ್ಕರ್ಧ ಜನಕ್ಕೆ ತಿಳಿದೇ ಇರಲಿಲ್ಲ. ಮೈಕು ಕೆಳಗಿಟ್ಟರೆ ಗಂಟೆಗೆ ಮಾತೇ ಹೊರಡುತ್ತಿರಲಿಲ್ಲ.

ಚಿಕ್ಕಂದಿನಲ್ಲಿ ಅವನ ಹೆಸರು ಉಗ್ಗ. ಮೊದಲ ಅಕ್ಷರ ಗಂಟಲಲ್ಲಿ ಸಿಕ್ಕಿಕೊಂಡರೆ ಸಿಕ್ಕಿಕೊಂಡಂತೆಯೇ. ಅಂಗಡಿಗೆ ಉಪ್ಪು ತರಲು ಹೋದವನು 'ಉ' ದಾಟಲಾಗದೆ ಕಣ್ಣು ಕೆಂಪಗೆ ಮಾಡಿಕೊಂಡು, ಕೈಗೆ ಸಿಕ್ಕ ಇನ್ನೇನನ್ನೋ ತೋರಿಸಿ ತರುತ್ತಿದ್ದ. ಮನೆಯಲ್ಲಿ ಬೇಡದ ಸಾಮಾನು ಕಂಡಾಗಲೆಲ್ಲ ಅಕ್ಕನಿಗೆ ವಿಷಯ ಗೊತ್ತಾಗುತ್ತಿತ್ತು. ತಾಯಿ ಸತ್ತ ಮೇಲೆ ಅವನನ್ನು ಸೊಂಟದ ಮೇಲೆ ಹೊತ್ತು ಸಾಕಿದವಳು ಆ ಅಕ್ಕ. ಅವನು ಒಂದು ಮಾತಿಗೆ ತಿಣುಕುತ್ತಿದ್ದರೆ ಅವಳು ಮಾಡುತ್ತಿದ್ದ ಕೆಲಸವನ್ನು ನಿಲ್ಲಿಸಿಬಿಡುತ್ತಿದ್ದಳು. ಮುಂದಿನ ಮಾತನ್ನು ತಾನೇ ಹೇಳಿಕೊಡುತ್ತಿರಲಿಲ್ಲ, ಬೇಗ ಹೇಳು ಎಂದು ಗದರುತ್ತಿರಲಿಲ್ಲ. ಎತ್ತಿದ ಕೈ ಎತ್ತಿದ ಹಾಗೆಯೇ ಕಾಯುತ್ತಿದ್ದಳು.

ಒಂದು ಮಧ್ಯಾಹ್ನ ಹುಡುಗ ಖಾಲಿ ಚೊಂಬಿನೊಳಗೆ ಮುಖ ತೂರಿಸಿ ತನ್ನಷ್ಟಕ್ಕೆ ಮಾತಾಡಿಕೊಳ್ಳುತ್ತಿದ್ದ. ಅಕ್ಕ ಬಾಗಿಲಲ್ಲಿ ನಿಂತು ಕೇಳಿದಳು. ಒಂದು ಮಾತೂ ತಡೆಯುತ್ತಿರಲಿಲ್ಲ. ಚೊಂಬಿನೊಳಗಿಂದ ತನ್ನ ದನಿ ತನಗೇ ಮರಳಿ ಬಂದರೆ ಅವನ ನಾಲಿಗೆಗೆ ಅದೇನೋ ಧೈರ್ಯ. ಅದನ್ನು ಅವಳು ಮನಸ್ಸಿನಲ್ಲಿಟ್ಟುಕೊಂಡಳು. ಅವನಿಗೆ ಮೀಸೆ ಬರುವ ಹೊತ್ತಿಗೆ, ತನ್ನ ಹೊಲಿಗೆ ಯಂತ್ರ ಮಾರಿ, ಹಳೆಯ ಸಿನಿಮಾ ಟೆಂಟಿನವರಿಂದ ಒಂದು ಮೈಕು, ಒಂದು ಮುಕ್ಕಾದ ಹಾರ್ನು ತಂದು ಮುಂದಿಟ್ಟಳು.

"ಇದು ದೊಡ್ಡ ಚೊಂಬು ಕಣೋ, ಮಾತಾಡು" ಎಂದಳು.

ಅಂದಿನಿಂದ ಉಗ್ಗ ಗಂಟೆಯಾದ.

ಅಕ್ಕ ಓಣಿಯ ಮೂಲೆಯಲ್ಲಿ ಇಸ್ತ್ರಿ ಗಾಡಿ ಇಟ್ಟುಕೊಂಡಳು. ವಯಸ್ಸಿನಲ್ಲಿ ಅವಳೂ ಅವಳ ಗಂಡನೂ ಬಟ್ಟೆಗೆ ಹಾಕುವ ಬಣ್ಣದ ಕಾರ್ಖಾನೆಯ ತೊಟ್ಟಿ ಕೋಣೆಯಲ್ಲಿ ದುಡಿದವರು. ಕುದಿಯುವ ನೀಲಿ ನೀರಿನ ಹಬೆ ಕುಡಿದು ಕುಡಿದು ಅವಳ ಗಂಟಲು ಒಡೆದ ಕೊಳಲಿನಂತಾಗಿತ್ತು. ಎರಡು ಮಾತು ಜೋರಾಗಿ ಆಡಿದರೆ ಮೂರನೆಯದಕ್ಕೆ ಕೆಮ್ಮು. ಗಂಡನ ಎದೆಗೂಡು ಅಷ್ಟಕ್ಕೂ ತಡೆಯಲಿಲ್ಲ. ಮಣ್ಣು ಮಾಡುವಾಗಲೂ ಅವನ ಮೊಣಕೈವರೆಗಿನ ನೀಲಿ ಹೋಗಿರಲಿಲ್ಲ. ಅಕ್ಕ ನಿಂಬೆ, ಸೀಗೆ, ಸೋಪು ಹಾಕಿ ಉಜ್ಜಿದ್ದಳು. ನೋಡಲು ಬಂದವರು ಮುಖ ಆಚೆ ತಿರುಗಿಸಿದ್ದರು. ಆಮೇಲೆ ಅವಳು ಆ ಕಾರ್ಖಾನೆಯ ಬಾಗಿಲು ತುಳಿಯಲಿಲ್ಲ. ಗಂಟಲು ಹೋದರೂ ನಾಲಿಗೆಯ ಚೂಪು ಮಾತ್ರ ಮೊಂಡಾಗಿರಲಿಲ್ಲ. ಸುಕ್ಕು ಅಂಗಿ ಹಾಕಿ ಹೋಗುತ್ತಿದ್ದವರನ್ನು ನಿಲ್ಲಿಸಿ, "ಏನು ಸಾರ್, ಅಂಗಿ ಹಾಕ್ಕೊಂಡು ಮಲಗಿದ್ರೋ ಅಂಗಿ ಮೇಲೆ ದನ ಮಲಗಿತ್ತೋ?" ಎನ್ನುತ್ತಿದ್ದಳು. ಅವರು ನಗುತ್ತಾ ಅಂಗಿ ಬಿಚ್ಚಿಕೊಡುತ್ತಿದ್ದರು.

ಕೂಗುವವನಿಗೆ ಮಾತಿನ ಹೊಣೆ ಇಲ್ಲ ಎನ್ನುವುದು ಗಂಟೆಯ ನಂಬಿಕೆ, ಹೆಮ್ಮೆ ಕೂಡ. ಅಂಚೆಯವನು ಕಾಗದ ಒಡೆದು ಓದುತ್ತಾನೆಯೇ? ಸರ್ಕಸ್ಸು ಬಂದರೆ ಸರ್ಕಸ್ಸು, ಸಾವಿನ ಸುದ್ದಿಯಾದರೆ ಸಾವು, ಸೋಪಿನವನು ಕರೆದರೆ ಸೋಪು. ಚುನಾವಣೆ ಬಂತೆಂದರೆ ಮೊದಲು ಬಂದವನ ಕಡೆ ಗಾಡಿ. ಒಂದು ಸಲ ಮೈಕು-ಹಾರ್ನಿನ ಒಂದೇ ಸೆಟ್ಟಿಗೆ ಎರಡು ಮದುವೆಯವರು ಬಂದು ಕೈಕೈ ಮಿಲಾಯಿಸಿದ ಮೇಲೆ ಊರಿನ ಮೈಕಿನವರನ್ನೆಲ್ಲ ಕೂರಿಸಿ ಅವನೇ ಮೈಕು ಹಿಡಿದು ಒಂದು ಕಟ್ಟಳೆ ಮಾಡಿದ್ದ: ಸೆಟ್ಟು ಗೊತ್ತುಮಾಡಿಕೊಂಡವರು ತಮ್ಮ ಕೈಯಾರೆ ಹಾರ್ನಿನ ಬಾಯಿಗೆ ಒಂದು ಬಟ್ಟೆ ಕಟ್ಟಬೇಕು. ಕಟ್ಟಿದ ಕೈಯೇ ಬಿಚ್ಚಬೇಕು. ಬಟ್ಟೆ ಕಂಡಮೇಲೆ ಬೇರೆಯವರು ತುಟಿ ಪಿಟಕ್ಕೆನ್ನಬಾರದು. ಅಂದಿನಿಂದ ಜಗಳವೇ ಇರಲಿಲ್ಲ. ಆ ಕಟ್ಟಳೆಯ ಮಾತು ಬಂದಾಗಲೆಲ್ಲ ಗಂಟೆ ಕತ್ತು ಸ್ವಲ್ಪ ಮೇಲೆತ್ತುತ್ತಿದ್ದ.

ವಾರ್ಡಿನ ಚುನಾವಣೆ ಬಂತು. ಬಣ್ಣದ ಕಾರ್ಖಾನೆಯ ಯಜಮಾನರ ಭಾವಮೈದ ನಿಂತಿದ್ದ. ಎದುರು ಆಗಿನ್ನೂ ಯಾರೂ ಇರಲಿಲ್ಲ. ಕಾರ್ಖಾನೆಯ ಮ್ಯಾನೇಜರು ಗಂಟೆಯನ್ನು ಕರೆಸಿಕೊಂಡರು. ಮ್ಯಾನೇಜರು ಬಹಳ ಮೆದು ಮನುಷ್ಯ; ಕುರ್ಚಿಯ ಅಂಚಿನಲ್ಲಿ ಕೂತು, ಕನ್ನಡಕ ಒರೆಸುತ್ತಾ, ಎದುರಿನವರನ್ನು ನೋಯಿಸದಂತೆ ಮಾತಾಡುವವರು. ಮಹಡಿಯ ಕೋಣೆಯೊಂದರಲ್ಲಿ ಕಿಟಕಿಗಳಿಗೆ ಬಟ್ಟೆಯ ಮೂಟೆ ಒತ್ತಿ ಹೊರಗಿನ ಸದ್ದು ಬಾರದಂತೆ ಮಾಡಿದ್ದರು. ದನಿ ಹಿಡಿದಿಡುವ ಯಂತ್ರದ ಮೈಕನ್ನು ಗಂಟೆಯ ಕೈಗೆ ಕೊಟ್ಟರು, ಕಿವಿಗೆ ತನ್ನ ದನಿ ತನಗೇ ಕೇಳುವ ಮುಚ್ಚಳ ಹಾಕಿದರು, ಬಿಸಿ ಹಾಲು ತರಿಸಿದರು.

ಭಾವಮೈದನ ಪರವಾಗಿ ಬರೆದುಕೊಟ್ಟದ್ದನ್ನು ಗಂಟೆ ಒಂದೇ ಉಸಿರಿಗೆ ಹೇಳಿ ಮುಗಿಸಿದ. ಅವನ ದನಿಗೆ ಅವನೇ ಸೋತ, ಅಷ್ಟು ಚೆನ್ನಾಗಿತ್ತು.

"ಇನ್ನೊಂದಷ್ಟು ಬಿಡಿ ಮಾತು ಹೇಳಿಬಿಡು ಗಂಟೆ," ಎಂದರು ಮ್ಯಾನೇಜರು. "ಓಣಿಗಳ ಹೆಸರು, ಇವತ್ತು, ನಾಳೆ, ನಮಸ್ಕಾರ, ಧನ್ಯವಾದ, ಗೆದ್ದರು. ಇರಲಿ."

"ಗೆಲ್ಲೋಕೆ ಮುಂಚೆನೇ ಗೆದ್ದರು ಅನ್ನಿಸ್ತೀರಲ್ಲ ಸಾರ್," ಎಂದ ಗಂಟೆ ಮೈಕಿನಲ್ಲೇ.

"ಕೊಡೆ ಕೊಳ್ಳೋಕೆ ಮಳೆ ಬರಲಿ ಅಂತ ಕಾಯ್ತೀಯೇನಪ್ಪ?"

ಇಬ್ಬರೂ ನಕ್ಕರು. ಗಂಟೆ ಬಿಡಿ ಮಾತುಗಳನ್ನೂ ಹೇಳಿದ. ಕೊಟ್ಟದ್ದು ಕೈ ತುಂಬುವಂತಿತ್ತು. ಅವನ ಹೆಂಡತಿ ಅದೇ ಕಾರ್ಖಾನೆಯ ಪ್ಯಾಕಿಂಗ್ ಕೋಣೆಯಲ್ಲಿ ಕೆಲಸಕ್ಕಿದ್ದಳು. ಆ ಸಂಜೆ ಇಬ್ಬರೂ ಒಟ್ಟಿಗೆ ಗಾಡಿಯಲ್ಲಿ ಮನೆಗೆ ಬಂದರು.

ಮಾರನೆಯ ಬೆಳಿಗ್ಗೆ ಅಕ್ಕ ಅವನನ್ನು ಇಸ್ತ್ರಿ ಗಾಡಿಯ ಹತ್ತಿರ ಕರೆದಳು. ಒಂದು ಬಿಳಿ ಅಂಗಿ ಹರಡಿ, ಬಾವಿಯ ನೀರು ಚಿಮುಕಿಸಿ, ಕೆಂಡ ತುಂಬಿದ ಪೆಟ್ಟಿಗೆ ಎಳೆದಳು. ಹಬೆ ಎದ್ದು ಹೋದ ಮೇಲೆ ನೀರಿನ ಹನಿ ಬಿದ್ದಲ್ಲೆಲ್ಲ ಮಾಸಲು ನೀಲಿ ಚುಕ್ಕೆ ಉಳಿದಿತ್ತು. ಕಣ್ಣು ಕಿರಿದು ಮಾಡಿ ನೋಡಿದರೆ ಕಾಣುವಷ್ಟು.

"ಕಾರ್ಖಾನೆಯ ಹಳೇ ಕಾಲುವೆ ಎಲ್ಲೋ ಸೋರ್ತಿದೆ. ಸೋರಿದ್ದಕ್ಕೇ ಹೀಗೆ," ಎಂದಳು. "ಈಗ ನಮ್ಮ ಬಾವಿ ಹಿಂದಿನ ತಗ್ಗಿನಲ್ಲಿ ಗುಂಡಿ ತೋಡಿ ಬಣ್ಣದ ನೀರೆಲ್ಲ ಅಲ್ಲಿಗೇ ಬಿಡ್ತಾರಂತೆ. ವಾರ್ಡಿನ ಮೆಂಬರು ಕೈ ಎತ್ತಿದ್ರೆ ಆಯ್ತು. ಯಜಮಾನರ ಭಾವಮೈದ ಯಾಕೆ ನಿಂತ ಅಂದ್ಕೊಂಡೆ? ನಮ್ಮ ಮೇಲೆ ಪ್ರೀತಿ ಉಕ್ಕಿ ಹರೀತಾ?"

ಗಂಟೆ ಅಂಗಿಯನ್ನೇ ನೋಡುತ್ತಿದ್ದ.

"ನಾನು ನಿಲ್ತೀನಿ," ಎಂದಳು ಅಕ್ಕ. "ಗೆಲ್ಲೋದು ಬಿಡೋದು ಆಮೇಲೆ. ಈ ಮಾತು ಒಂದು ಸಲ ಎಲ್ಲರ ಕಿವಿಗೂ ಬೀಳಬೇಕು. ನನ್ನ ಗಂಟಲು ಈ ಓಣಿ ತಿರುವು ದಾಟಲ್ಲ. ನೀನಿದ್ದೀಯಲ್ಲ, ನೀನು ಹೇಳು. ಚಿಕ್ಕದಾಗಿ ಮಾಡಿಟ್ಟಿದ್ದೀನಿ: ಬಾವಿ ಹತ್ತಿರ ಗುಂಡಿ ಬೇಡ. ನೀರಿಗೆ ಬಣ್ಣ ಇಳಿಯುತ್ತೆ. ನನ್ನ ಗಂಡನ ಕೈ ನೀವೆಲ್ಲ ನೋಡಿದ್ದೀರಿ. ಇಷ್ಟೇ."

ನಿನ್ನೆ ತಾನೆ ಭಾವಮೈದನಿಗಾಗಿ ಮಾತಾಡಿ ಬಂದದ್ದನ್ನು ಗಂಟೆ ಹೇಳಬೇಕೆಂದು ಬಾಯಿ ತೆರೆದ. ಮೊದಲ ಅಕ್ಷರ ಬರಲಿಲ್ಲ. ಅಕ್ಕ ಪೆಟ್ಟಿಗೆ ಎತ್ತಿಹಿಡಿದು ಕಾದಳು. ಅಷ್ಟರಲ್ಲಿ ಯಾರೋ ಗಿರಾಕಿ ಬಂದರು; ಅವನು ತಲೆಯಾಡಿಸಿ ಹೊರಟುಬಿಟ್ಟ. ಆ ತಲೆಯಾಡಿಸಿದ್ದನ್ನು ಅವಳು ಒಪ್ಪಿಗೆ ಎಂದು ತಿಳಿದಳು.

ಅಕ್ಕ ನಾಮಪತ್ರ ಹಾಕಿ ಬಂದ ದಿನವೇ ಮ್ಯಾನೇಜರು ಗಂಟೆಯ ಶೆಡ್ಡಿಗೆ ಬಂದರು. ಕೈಯಲ್ಲಿ ಕಾರ್ಖಾನೆಯ ನೀಲಿ ಬಟ್ಟೆಯ ತುಂಡುಗಳು. ಸೆಟ್ಟನ್ನು ಚುನಾವಣೆ ಮುಗಿಯುವವರೆಗೂ ಗೊತ್ತುಮಾಡಿಕೊಳ್ಳುತ್ತೇನೆ ಎಂದರು.

"ಗಾಡಿ ಯಾವ ಕಡೆ ಬಿಡಲಿ ಸಾರ್?" ಎಂದು ಕೇಳಲು ಗಂಟೆಗೆ ಬಹಳ ಹೊತ್ತು ಹಿಡಿಯಿತು. ಮ್ಯಾನೇಜರು ಅದನ್ನು ಗಮನಿಸದವರಂತೆ ಕನ್ನಡಕ ಒರೆಸಿದರು.

"ಎಲ್ಲೂ ಬೇಡ. ಇಲ್ಲೇ ನಿಂತಿರಲಿ. ಪಾಪ, ನೀನೂ ದಣಿದಿದ್ದೀಯ. ನಿನ್ನ ದನಿ ನಮ್ಮ ಗಾಡಿಗಳಲ್ಲಿ ಓಡಾಡುತ್ತೆ, ನೀನು ಮನೇಲಿ ಕಾಲು ಚಾಚಿ ಮಲಗು." ಎದ್ದು, ಬಟ್ಟೆ ಕಟ್ಟಲು ಕೈ ಎತ್ತಿದವರು ಹಿಂದೆ ತಿರುಗದೆಯೇ ಕೇಳಿದರು, "ನಿನ್ನ ಮನೆಯವರು ನಮ್ಮ ಪ್ಯಾಕಿಂಗ್‌ನಲ್ಲಿ ಇದ್ದಾರಲ್ವಾ? ಒಳ್ಳೆ ಕೆಲಸಗಾರ್ತಿ ಅಂತ ಹೇಳ್ತಿದ್ರು."

ಬೇಡ ಎನ್ನುವ ಪದಕ್ಕೆ ಎರಡೇ ಅಕ್ಷರ. ಗಂಟೆ 'ಬೇ' ಎಂಬಲ್ಲಿಯೇ ನಿಂತಿದ್ದ. ಮ್ಯಾನೇಜರು ಅಚ್ಚುಕಟ್ಟಾಗಿ ಎರಡು ಹಾರ್ನಿನ ಬಾಯಿಗೂ ನೀಲಿ ಬಟ್ಟೆ ಕಟ್ಟಿ, ಗಂಟು ಬಿಗಿಯಾಗಿದೆಯೇ ಎಂದು ಎಳೆದು ನೋಡಿ, ನಮಸ್ಕಾರ ಮಾಡಿ ಹೋದರು.

ಸಂಜೆ ಅಕ್ಕ ಬಂದಳು. ತಮ್ಮನಿಗೆಂದು ಬಿಸಿ ಬಿಸಿ ಇಸ್ತ್ರಿ ಮಾಡಿದ ಅಂಗಿ ತಂದಿದ್ದಳು. ನಾಳೆಯಿಂದ ಊರು ಸುತ್ತುವವನು ನೆಟ್ಟಗೆ ಕಾಣಬೇಕಲ್ಲ. ಶೆಡ್ಡಿನ ಬಾಗಿಲಲ್ಲೇ ನಿಂತಳು. ಅವಳ ಕಣ್ಣು ಗಾಡಿಯ ನೆತ್ತಿಯ ಮೇಲಿತ್ತು.

"ಯಾರ ಬಟ್ಟೆ ಅದು?"

ಆ ನೀಲಿಯನ್ನು ಗುರುತಿಸಲು ಅವಳಿಗೆ ಯಾರೂ ಹೇಳಬೇಕಾಗಿರಲಿಲ್ಲ. ಒಳಗಿನಿಂದ ಬಂದ ಹೆಂಡತಿ ಗೋಡೆಗೆ ಒರಗಿ ನಿಂತಳು.

"ಅತ್ತಿಗೆ, ನನ್ನ ಕೆಲಸ ಹೋದ್ರೆ ಹೋಗಲಿ ಅಂತ ನಾನೇ ಹೇಳಬೇಕಿತ್ತು," ಎಂದಳು ಅವಳು ತಲೆ ತಗ್ಗಿಸಿ. "ಹೇಳೋಕೆ ಬಾಯಿ ಬರಲಿಲ್ಲ."

"ಈ ಮನೇಲಿ ಯಾರಿಗೂ ಬಾಯಿ ಬರಲ್ಲ ಬಿಡಮ್ಮ," ಎಂದಳು ಅಕ್ಕ. ನಗಿಸಲೆಂದೇ ಆಡಿದ ಮಾತು. ಯಾರೂ ನಗಲಿಲ್ಲ. ಅಂಗಿಯನ್ನು ಮಡಿಕೆ ಮುರಿಯದಂತೆ ಗಾಡಿಯ ಸೀಟಿನ ಮೇಲಿಟ್ಟಳು. "ನಿನ್ನ ಕೂಳು ಕಿತ್ಕೊಂಡು ನಾನು ಮೆಂಬರ್ ಆಗಬೇಕಾ? ಊರಲ್ಲಿ ಬೇರೆ ಸೆಟ್ಟುಗಳಿಲ್ವಾ, ನೋಡ್ತೀನಿ."

ಬೇರೆ ಸೆಟ್ಟುಗಳಿದ್ದವು. ಎಲ್ಲದರ ಬಾಯಿಗೂ ನೀಲಿ ಬಟ್ಟೆ ಇತ್ತು. ಬಸ್‌ಸ್ಟ್ಯಾಂಡಿನ ಹಿಂದಿನ ಮುದುಕನ ಕೆಟ್ಟುಹೋದ ಸೆಟ್ಟಿಗೂ ಕಟ್ಟಿದ್ದರು. "ಇದು ಮಾತಾಡಿ ಎಷ್ಟೋ ವರ್ಷ ಆಯ್ತು ತಾಯಿ, ಆದ್ರೂ ಕಟ್ಟಿ ದುಡ್ಡು ಕೊಟ್ಟು ಹೋದ್ರು," ಎಂದು ಅವನು ಬೆರಗಾಗಿ ಹೇಳಿದ. ಕೆಲವರು ಹೆಂಗಸನ್ನು ಬರಿಗೈಲಿ ಕಳಿಸಲಾರದೆ ನೀರು ಕೊಟ್ಟರು, ಕೂರಲು ಹೇಳಿದರು. ಗಂಟು ಬಿಚ್ಚಲು ಮಾತ್ರ ಯಾರೂ ಒಪ್ಪಲಿಲ್ಲ. "ನಿನ್ನ ತಮ್ಮನೇ ಮಾಡಿದ ಕಟ್ಟಳೆ ಅಕ್ಕ," ಎಂದರು.

ಗಂಟೆ ಮ್ಯಾನೇಜರ ಬಳಿಗೆ ಹೋದ. ಮೈಕಿಲ್ಲದೆ ಅಲ್ಲಿ ಮಾತಾಡಲಾಗದು ಎಂದು ಗೊತ್ತಿದ್ದು, ಹೇಳಬೇಕಾದ್ದನ್ನು ಹೆಂಡತಿಯ ಬಾಯಲ್ಲಿ ಹೇಳಿಸಿದ. ಅವಳು ಅಂಜುತ್ತಂಜುತ್ತಲೇ ಎಲ್ಲ ಹೇಳಿದಳು: ಕೊಟ್ಟದ್ದನ್ನೆಲ್ಲ ಹಿಂದಿರುಗಿಸುತ್ತೇವೆ, ಒಂದು ದಿನದ ಮಟ್ಟಿಗಾದರೂ ಗಂಟು ಬಿಚ್ಚಿ.

ಮ್ಯಾನೇಜರು ಬೇಸರಪಟ್ಟುಕೊಳ್ಳಲಿಲ್ಲ. "ನೋಡಮ್ಮ, ನಾವು ಯಾರ ಬಾಯನ್ನೂ ಮುಚ್ಚಿಲ್ಲ. ನಿಮ್ಮತ್ತಿಗೆ ಮಾತಾಡಬಾರದು ಅಂತ ಯಾರಾದ್ರೂ ಅಂದ್ರಾ? ಮಾತಾಡಲಿ, ಧಾರಾಳವಾಗಿ ಮಾತಾಡಲಿ. ಅವರಿಗೆಷ್ಟು ಹಕ್ಕಿದೆಯೋ ನಮಗೂ ಅಷ್ಟೇ. ನಾವು ಸ್ವಲ್ಪ ಹೆಚ್ಚು ಮಾತಾಡ್ತೀವಿ, ಅಷ್ಟೆ."

ಗಂಡ ಹೆಂಡತಿ ಮೆಟ್ಟಿಲಿಳಿದು ಬಂದರು.

ಅಂದಿನಿಂದ ಊರ ತುಂಬ ಗಂಟೆಯ ದನಿ. ಕಾರ್ಖಾನೆಯ ಹೊಸ ವ್ಯಾನುಗಳು ಹಗಲೆಲ್ಲ ತಿರುಗಿದವು. ಅವನು ಮನೆಯಲ್ಲಿ ಕೂತು ಚಹಾ ಕುಡಿಯುತ್ತಿದ್ದರೆ ಅವನೇ ಬೀದಿಯಲ್ಲಿ "ಬಂಧುಗಳೇ" ಎನ್ನುತ್ತಾ ಹೋಗುತ್ತಿದ್ದ. ಕ್ಷೌರದಂಗಡಿಯಲ್ಲಿ ಗಲ್ಲಕ್ಕೆ ನೊರೆ ಹಚ್ಚಿಸಿಕೊಂಡು ಕೂತರೆ ಹೊರಗೆ ಅವನೇ ಭಾವಮೈದನ ಗುಣಗಾನ ಮಾಡುತ್ತಿದ್ದ. "ಗಂಟೆ, ನಿನ್ನ ಗಂಟಲಿಗೆ ದಣಿವೇ ಇಲ್ವಲ್ಲೋ," ಎಂದು ಕ್ಷೌರದವನು ಚೇಷ್ಟೆ ಮಾಡಿದ. ನೊರೆಯ ಮುಖದಲ್ಲಿ ನಗುವೋ ಅಳುವೋ ತಿಳಿಯುವ ಹಾಗಿರಲಿಲ್ಲ.

ಅಕ್ಕ ಆ ಚುಕ್ಕೆಯ ಅಂಗಿಯನ್ನು ಬಗಲಲ್ಲಿಟ್ಟುಕೊಂಡು ಮನೆ ಮನೆಗೆ ನಡೆದಳು. ಬಾಗಿಲು ತೆಗೆದವರಿಗೆ ಅಂಗಿ ಬಿಡಿಸಿ ತೋರಿಸುತ್ತಿದ್ದಳು. ಮಾತು ಮುಗಿಯುವ ಮೊದಲೇ ಕೆಮ್ಮು ಬರುತ್ತಿತ್ತು. ಕೆಮ್ಮು ಮುಗಿಯುವ ಮೊದಲೇ ವ್ಯಾನು ಬರುತ್ತಿತ್ತು. "ಬಟ್ಟೆಗೆ ನೀಲಿ ಹೆಚ್ಚು ಹಾಕಿದ್ದೀಯ ಅಕ್ಕ, ಮುಂದಿನ ಸಲ ಸ್ವಲ್ಪ ಕಮ್ಮಿ ಹಾಕು," ಎಂದಳು ಒಬ್ಬಳು, ಒಳ್ಳೆಯ ಮನಸ್ಸಿನಿಂದಲೇ. ಸಭೆ ಮಾಡೋಣವೆಂದರೆ ಸಮುದಾಯ ಭವನವನ್ನು ಕಾರ್ಖಾನೆಯವರು ಆಗಲೇ ಗೊತ್ತುಮಾಡಿಕೊಂಡಿದ್ದರು. ಚೀಟಿ ಅಚ್ಚು ಹಾಕಿಸೋಣವೆಂದರೆ ಅಚ್ಚುಮನೆಯವನು ಕಾರ್ಖಾನೆಯ ಕೆಲಸದಲ್ಲಿ ಮುಳುಗಿದ್ದ. ಖಾಲಿ ಗೋಡೆಗಳೂ ಭಾವಮೈದನ ಮುಖ ಹೊತ್ತು ನಿಂತಿದ್ದವು. ಅವಳಿಗೆ ಉಳಿದದ್ದು ಬಾವಿಯ ಕಟ್ಟೆ ಒಂದೇ. ಅದನ್ನು ಯಾರೂ ಗೊತ್ತುಮಾಡಿಕೊಂಡಿರಲಿಲ್ಲ.

ಪ್ರಚಾರದ ಕಡೆಯ ದಿನ ಮಧ್ಯಾಹ್ನ ಗಂಟೆ ಅವಳ ಗಾಡಿಯ ಮುಂದೆ ಬಂದು ನಿಂತ. ಅವಳು ತಂದಿಟ್ಟ ಅಂಗಿ ತೊಟ್ಟಿದ್ದ. ಬಹಳ ಹೊತ್ತು ತಿಣುಕಿ ಹೇಳಿದ:

"ಸೆ... ಸೆಟ್ಟು ಕೊಟ್ಟಿದ್ದೀನಿ ಅಕ್ಕ. ಗಂ... ಗಂಟಲು ಕೊಟ್ಟಿಲ್ಲ."

ಅಕ್ಕ ಅವನನ್ನು ನೋಡಿದಳು. "ಮೈಕಿಲ್ದೆ?"

ಅವನು ಹೂಂ ಎಂದ.

"ಬೇಡ ಮಗು," ಎಂದಳು ಅವಳು. ಅವನ ತಲೆ ನೆರೆತ ಮೇಲೆ ಅವಳು ಅವನನ್ನು ಮಗು ಎಂದದ್ದು ಅದೇ ಮೊದಲು. ಅವನು ಕೇಳಲಿಲ್ಲ.

ಬಿಸಿಲು ಇಳಿದ ಮೇಲೆ ಬಾವಿಯ ಸುತ್ತ ಜನ ಸೇರಿದರು. ಕೊಡ ತಂದ ಹೆಂಗಸರು, ಪಾಳಿ ಬಿಟ್ಟು ಬಂದ ಗಂಡಸರು, ಸಂಜೆಯ ಬೇಸರ ಕಳೆಯಲು ಬಂದವರು. ಗಂಟೆ ಮಾತಾಡುತ್ತಾನಂತೆ ಎಂಬ ಸುದ್ದಿಗೆ ಪಕ್ಕದ ಓಣಿಯವರೂ ಬಂದಿದ್ದರು. ಅವನು ಕಟ್ಟೆ ಹತ್ತಿ ನಿಂತ. ಬಲಗೈ ತಾನಾಗಿಯೇ ಮುಷ್ಟಿ ಕಟ್ಟಿ ತುಟಿಯ ಹತ್ತಿರ ಬಂತು, ಮೈಕು ಹಿಡಿದಂತೆ.

"ಬಾ... ಬಾ..."

ಮಕ್ಕಳು ಕಿಸಕ್ಕೆಂದರು. ಯಾರೋ ತಮಾಷೆ ಎಂದುಕೊಂಡು ಚಪ್ಪಾಳೆ ತಟ್ಟಿದರು. ತಮಾಷೆಯಲ್ಲ ಎಂದು ತಿಳಿದಾಗ ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಇಷ್ಟು ವರ್ಷ ತಮ್ಮ ಮಕ್ಕಳನ್ನು ಹುಡುಕಿಕೊಟ್ಟ ದನಿ, ತಮ್ಮ ಮನೆಯ ಸಾವನ್ನು ಊರಿಗೆ ಸಾರಿದ ದನಿ, ಹೀಗೆ ಬರಿಗಾಲಲ್ಲಿ ಕಲ್ಲು ತುಳಿಯುವಂತೆ ಒಂದೊಂದೇ ಅಕ್ಷರಕ್ಕೆ ನೋಯುವುದನ್ನು ಅವರು ಕಂಡಿರಲಿಲ್ಲ. ಗಂಟೆಯ ಕತ್ತಿನ ನರ ಉಬ್ಬಿತು. ಕಣ್ಣಲ್ಲಿ ನೀರು ತುಂಬಿತು. ಬಾವಿ ಎಂಬ ಮಾತು ಹೊರಬರಲಿಲ್ಲ, ಬಾವಿ ಕಾಲ ಕೆಳಗೇ ಇತ್ತು.

ಅಕ್ಕ ಗಾಡಿಯ ಹತ್ತಿರ ಹೋಗಿ, ಬಟ್ಟೆಗೆ ಚಿಮುಕಿಸುವ ನೀರಿನ ಚೊಂಬನ್ನು ಬರಿದು ಮಾಡಿ ತಂದಳು. ಅವನ ಕೈಗಿಟ್ಟಳು.

ಗಂಟೆ ಚೊಂಬಿನೊಳಗೆ ಬಾಯಿ ಇಟ್ಟ.

"ಬಾವಿ ಹತ್ತಿರ ಗುಂಡಿ ಬೇಡ," ಎಂದ. ಮಾತು ಎಲ್ಲಿಯೂ ಎಡವಲಿಲ್ಲ. "ನೀರಿಗೆ ಬಣ್ಣ ಇಳಿಯುತ್ತೆ. ನನ್ನ ಭಾವನ ಕೈ ನೀವೆಲ್ಲ ನೋಡಿದ್ದೀರಿ. ತೊಳೆದರೂ ಹೋಗಲಿಲ್ಲ." ಕಟ್ಟೆಯ ಬುಡದಲ್ಲಿದ್ದ ಹೆಂಗಸರು ನಗುವುದನ್ನು ನಿಲ್ಲಿಸಿ ಮುಂದಕ್ಕೆ ಬಾಗಿದರು. ಕೊಡ ಹೊತ್ತವಳೊಬ್ಬಳು ಕೊಡ ಇಳಿಸಿದಳು. ಆದರೆ ಚೊಂಬಿಗೆ ಹಾರ್ನಿಲ್ಲ. ಅವನು ಆಡಿದ್ದು ಅವನಿಗೇ ಮರಳುತ್ತಿತ್ತು, ಉಳಿದದ್ದು ಎದುರಿಗಿದ್ದ ನಾಲ್ಕಾರು ಮಂದಿಯವರೆಗೆ ತಲುಪುತ್ತಿತ್ತು. ಕೂಗಲು ಅವನಿಗೆ ಬರುತ್ತಿರಲಿಲ್ಲ. ಅವನು ಕಲಿತದ್ದೇ ಮೆಲ್ಲಗೆ ಮಾತಾಡುವುದನ್ನು.

"ಏನಂತೆ? ಕೇಳಿಸ್ತಿಲ್ಲ," ಎಂದರು ಹಿಂದಿನವರು.

"ಚೊಂಬು ತುಂಬಿದ ಮೇಲೆ ನಮಗೂ ಕೊಡ್ತಾನೆ, ತಡ್ಕೊಳ್ಳೋ," ಎಂದ ಒಬ್ಬ.

ಆಗ ತಿರುವಿನಲ್ಲಿ ವ್ಯಾನು ಬಂತು. ಅದರ ಹಿಂದೆ ಇನ್ನೊಂದು. "ಬಂಧುಗಳೇ," ಎಂದಿತು ಕಂಚಿನ ದನಿ, ಇಡೀ ಓಣಿ ತುಂಬುವಂತೆ, ಬಾವಿಯ ಆಳದಿಂದ ಪ್ರತಿಧ್ವನಿ ಏಳುವಂತೆ. "ನಿಮ್ಮ ಮನೆಯ ಮಗನಂಥವರು, ನಿಮ್ಮ ಕಷ್ಟ ಬಲ್ಲವರು..." ಜನರೆಲ್ಲ ಅತ್ತ ತಿರುಗಿದರು. ಗಂಟೆ ಚೊಂಬಿನಿಂದ ಬಾಯಿ ತೆಗೆಯಲಿಲ್ಲ. ಅವನ ತುಟಿ ಆಡುತ್ತಲೇ ಇತ್ತು. ಅವನು ಹೇಳುತ್ತಿದ್ದುದು ಮುಂದೆ ನಿಂತವರಿಗೂ ಈಗ ಕೇಳುತ್ತಿರಲಿಲ್ಲ. ಸ್ವಲ್ಪ ಹೊತ್ತಿಗೆ ಅವನಿಗೂ ಕೇಳಲಿಲ್ಲ.

ವ್ಯಾನು ನಿಧಾನಕ್ಕೆ, ಬಹಳ ನಿಧಾನಕ್ಕೆ ಹಾದುಹೋಯಿತು. ಡ್ರೈವರು ಹಲ್ಲು ಬಿಡಲಿಲ್ಲ, ಬೈಯಲಿಲ್ಲ. ಅವನ ಕೆಲಸ ಅವನು ಮಾಡುತ್ತಿದ್ದ.

"ಗಂಟೆ," ಎಂದ ಓಣಿಯ ಮುದುಕನೊಬ್ಬ, ನೋಯಿಸಬೇಕೆಂದಲ್ಲ, "ಅಲ್ಲೂ ನೀನೇ, ಇಲ್ಲೂ ನೀನೇ. ಯಾವ ಗಂಟೆ ಮಾತು ನಂಬೋಣ ಹೇಳಪ್ಪ?"

"ವ್ಯಾನಿನ ಮೇಲಿರೋ ಗಂಟೆ ಚೆನ್ನಾಗಿ ಮಾತಾಡ್ತಾನೆ ಬಿಡಿ," ಎಂದ ಇನ್ನೊಬ್ಬ.

ಜನ ನಕ್ಕು, ಕೊಡ ಎತ್ತಿಕೊಂಡು, ಮಕ್ಕಳನ್ನು ಕರೆದುಕೊಂಡು ಮನೆಗೆ ಹೋದರು. ಕೊಡ ಇಳಿಸಿದ್ದವಳೂ ಹೋದಳು. ಅಕ್ಕ ತಮ್ಮನ ಕೈ ಹಿಡಿದು ಕಟ್ಟೆಯಿಂದ ಇಳಿಸಿದಳು. ಚೊಂಬನ್ನು ಅವನು ಎದೆಗೊತ್ತಿಕೊಂಡಿದ್ದ. ಬಿಡಿಸಿಕೊಳ್ಳಲು ಅವಳು ಒಂದೊಂದೇ ಬೆರಳು ಸಡಿಲಿಸಬೇಕಾಯಿತು.

ಭಾವಮೈದ ಗೆದ್ದ. ಅಕ್ಕನಿಗೆ ಬಿದ್ದ ಮತಗಳು ಬಾವಿಯ ಕಟ್ಟೆಯ ಬುಡದಲ್ಲಿ ನಿಂತಿದ್ದವರಷ್ಟೇ ಇದ್ದವು, ಅದಕ್ಕಿಂತ ಹೆಚ್ಚಿಲ್ಲ. ಸುದ್ದಿಯನ್ನು ಊರಿಗೆ ಸಾರಿದ್ದೂ ಗಂಟೆಯೇ. "ಇವತ್ತು... ಗೆದ್ದರು... ಧನ್ಯವಾದ... ನಮಸ್ಕಾರ" ಎಂದು, ಹಾಲು ಕುಡಿದು ನಗುತ್ತಾ ಆಡಿದ್ದ ಬಿಡಿ ಮಾತುಗಳನ್ನು ಪೋಣಿಸಿ ವ್ಯಾನು ಸಂಜೆಯವರೆಗೂ ಕೃತಜ್ಞತೆ ಹೇಳುತ್ತಾ ತಿರುಗಿತು. ಅವನು ಜ್ವರ ಬಂದು ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ.

ಹೆಂಡತಿಯ ಕೆಲಸ ಹೋಗಲಿಲ್ಲ. ಬಾವಿಯ ಕಟ್ಟೆಯ ಸಂಗತಿಗೆ ಕಾರ್ಖಾನೆಯವರು ತಲೆಯನ್ನೇ ಕೆಡಿಸಿಕೊಂಡಿರಲಿಲ್ಲ. ಮ್ಯಾನೇಜರು ಖುದ್ದಾಗಿ ಶೆಡ್ಡಿಗೆ ಬಂದು, ಕಟ್ಟಿದ ಕೈಯಿಂದಲೇ ಎರಡೂ ಗಂಟು ಬಿಚ್ಚಿ, ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟುಕೊಂಡರು. "ಮುಂದಿನ ಸಲ ನಿನಗೆ ತೊಂದರೆ ಕೊಡಲ್ಲ ಗಂಟೆ. ನಿನ್ನ ದನಿ ನಮ್ಮ ಹತ್ತಿರ ಇದೆ," ಎಂದರು, ಉಪಕಾರ ಮಾಡುವವರ ಹಾಗೆ.

ಆಮೇಲೊಂದು ದಿನ ಯಾರದೋ ಹೆಣ್ಣುಮಗು ಕಳೆದುಹೋಯಿತೆಂದು ತಾಯಿ ಓಡಿಬಂದಳು. ಗಂಟೆ ಗಾಡಿ ಹತ್ತಿ ಮೈಕು ತುಟಿಗೊತ್ತಿಕೊಂಡ. ಹಾರ್ನಿನಿಂದ ದನಿ ಮರಳಿ ಕಿವಿಗೆ ಬಿದ್ದಾಗ ಅದು ತನ್ನದೆನ್ನಿಸಲಿಲ್ಲ. ವ್ಯಾನಿನವನದೆನ್ನಿಸಿತು. "ಹ... ಹ... ಹಸಿರು ಲಂಗ" ಎಂದು ಇಡೀ ಬೀದಿಗೆ ಕೇಳುವಂತೆ ಉಗ್ಗಿದ. ಮಗು ಹೇಗೋ ಸಿಕ್ಕಿತು. ಅವನು ಮಾತ್ರ ಮಾರನೆಯ ದಿನ ಸೆಟ್ಟನ್ನು ಬಸ್‌ಸ್ಟ್ಯಾಂಡಿನ ಹಿಂದಿನ ಮುದುಕನಿಗೆ ಕೊಟ್ಟುಬಿಟ್ಟ. ಗಂಟೆ ಎಂದು ಕರೆದರೆ ತಿರುಗಿ ನೋಡುವುದನ್ನೂ ಬಿಟ್ಟ.

ಈಗ ಅವನು ಅಕ್ಕನ ಗಾಡಿಯ ಪಕ್ಕದಲ್ಲಿ ಕೂತು ಇದ್ದಿಲಿಗೆ ಗಾಳಿ ಹಾಕುತ್ತಾನೆ, ಮಡಿಕೆಯ ಬಟ್ಟೆ ಮನೆಮನೆಗೆ ಮುಟ್ಟಿಸುತ್ತಾನೆ. ತಗ್ಗಿನಲ್ಲಿ ಗುಂಡಿ ತೋಡಿದರು. ಗಾಳಿ ಇತ್ತ ತಿರುಗಿದಾಗ ಅಕ್ಕನಿಗೆ ಹಳೆಯ ತೊಟ್ಟಿ ಕೋಣೆಯ ವಾಸನೆ ಬರುತ್ತದೆ. ಅವಳು ಸೆರಗಿನಿಂದ ಮೂಗು ಮುಚ್ಚಿಕೊಂಡು ಒಂದೇ ಕೈಯಲ್ಲಿ ಇಸ್ತ್ರಿ ಎಳೆಯುತ್ತಾಳೆ. ಬಿಳಿ ಬಟ್ಟೆಗೆ ಬೇರೆ ಓಣಿಯ ನಲ್ಲಿಯಿಂದ ನೀರು ತರಿಸುತ್ತಾಳೆ.

ಒಂದು ಬೆಳಿಗ್ಗೆ ಎದುರು ಮನೆಯ ಹೆಂಗಸು ಬಂದಳು. ಅಂದು ಬಾವಿಯ ಹತ್ತಿರ ಕೊಡ ಇಳಿಸಿದ್ದವಳಲ್ಲ. ಹಿಂದೆ ನಿಂತು ಕೇಳಿಸ್ತಿಲ್ಲ ಎಂದವರಲ್ಲಿ ಒಬ್ಬಳು. ಅವಳ ಕೈಯಲ್ಲಿ ಮನೆಯಲ್ಲೇ ಒಗೆದ ಬಿಳಿ ಅಂಗಿ ಇತ್ತು. ಅದು ಬೆಳಗಿನ ಆಕಾಶದ ಬಣ್ಣಕ್ಕೆ ತಿರುಗಿತ್ತು. ಕಣ್ಣು ಕಿರಿದು ಮಾಡಬೇಕಾಗಿಯೇ ಇರಲಿಲ್ಲ.

"ನೋಡು ಅಕ್ಕ, ನನ್ನ ಮಗನ ಹೊಸ ಅಂಗಿ," ಎಂದಳು. "ಎರಡು ದಿನದಿಂದ ಅವನಿಗೆ ಹೊಟ್ಟೆನೋವು ಬೇರೆ. ಬಾವಿ ಪಕ್ಕದಲ್ಲೇ ಗುಂಡಿ ತೋಡ್ತಾರೆ ಅಂತ ಗೊತ್ತಿದ್ದವರು ಒಬ್ಬರಾದ್ರೂ ಬಾಯಿ ಬಿಟ್ಟು ಹೇಳಬಾರದಿತ್ತಾ?"

ತಮ್ಮ ಇದ್ದಿಲಿನ ಬಳಿಯಿಂದ ಎದ್ದು ನಿಂತಿದ್ದ. ಅವನ ಬಾಯಿ ತೆರೆದಿತ್ತು.

"ಹೇ..." ಎಂದ. "ಹೇ... ಹೇ..."

ಅಕ್ಕ ಬಟ್ಟೆ ಸುಡದಂತೆ ಪೆಟ್ಟಿಗೆಯನ್ನು ಮೇಲೆತ್ತಿ ಹಿಡಿದು ಕಾದಳು. ಕೆಂಡದ ಮೇಲೆ ಬೂದಿ ಕಟ್ಟತೊಡಗಿತು. ಹೆಂಗಸು ಒಂದಷ್ಟು ಹೊತ್ತು ನಿಂತಿದ್ದು, ಒಲೆಯ ಮೇಲೆ ಏನೋ ಇಟ್ಟು ಬಂದಿದ್ದೇನೆ ಎಂದು ಹೊರಟುಹೋದಳು. ಅಕ್ಕ ಮಾತ್ರ ಎತ್ತಿದ ಕೈ ಇಳಿಸಲಿಲ್ಲ.

"ಹೇ..." ಎನ್ನುತ್ತಿದ್ದ ಅವನು.